ಚದುರಂಗದ ಕೊನೆಯಾಟ: ಅರಸನೂ ಪ್ಯಾದೆಯೂ

ಬಿಡುವಿನ ವೇಳೆಯಲ್ಲಿ ಮಕ್ಕಳು ಚದುರಂಗದ ಹಲಗೆಯ ಮುಂದೆ ಕುಳಿತಿರುವುದನ್ನು ಪೋಷಕರು ಕಂಡೇ ಇರುತ್ತಾರೆ. ಆನೆ ಕುದುರೆಗಳು ಇರುವತನಕ ಅವರ ಉತ್ಸಾಹಕ್ಕೆ ಮಿತಿಯಿಲ್ಲ. ದೊಡ್ಡ ಕಾಯಿಗಳೆಲ್ಲ ಹೊಡೆದುಹೋಗಿ ಇಬ್ಬರು ಅರಸರೂ ಒಂದೆರಡು ಪ್ಯಾದೆಗಳೂ ಉಳಿದೊಡನೆ, "ಇನ್ನೇನು ಉಳಿಯಿತು" ಎಂದು ಕಾಯಿಗಳನ್ನು ಡಬ್ಬಿಗೆ ಸುರಿದು ಏಳುತ್ತಾರೆ. ಆಟದಲ್ಲಿ ಅತ್ಯಂತ ಖಚಿತವಾದ ಲೆಕ್ಕವಿರುವ ಭಾಗವು ಆಗಲೇ ಆರಂಭವಾಗುವುದೆಂಬುದನ್ನು ಅವರಿಗೆ ತಿಳಿಸಬೇಕೆಂದು ನಾವು ಈ ಲೇಖನವನ್ನು ಬರೆಯುತ್ತಿದ್ದೇವೆ.

ಲೋಕದ ಪಟ್ಟವೇ ಇಂತಹ ನಾಲ್ಕಾರು ಕಾಯಿಗಳ ಮೇಲೆ ನಿಂತ ಪ್ರಸಂಗ ಒಂದುಂಟು. 2024ನೆಯ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಚೆನ್ನೈಯ ಹದಿನೆಂಟು ವರ್ಷದ ಗುಕೇಶನಿಗೂ ಚೀನಾದ ಡಿಂಗ್ ಲಿರೆನ್ ಅವರಿಗೂ ವಿಶ್ವ ಚಾಂಪಿಯನ್ ಪಟ್ಟದ ಹದಿನಾಲ್ಕನೆಯ, ಅಂದರೆ ಕಡೆಯ ಆಟ ನಡೆಯಿತು. ಅದುವರೆಗೆ ಇಬ್ಬರ ಅಂಕಗಳೂ ಸಮ. ಕರಿಯ ಕಾಯಿಗಳ ಗುಕೇಶನಿಗೆ ಒಂದು ಪ್ಯಾದೆ ಹೆಚ್ಚಾಗಿದ್ದರೂ ಆನೆ ಒಂಟೆಗಳು ಹಲಗೆಯ ಮೇಲಿರುವ ತನಕ ಸಮವಾಗಿಯೇ ಮುಗಿಯುವ ಆಟವದು. ಐವತ್ತೈದನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್-2 ಮನೆಗೆ ತಂದರು. ಗುಕೇಶನು ಆನೆಗೆ ಆನೆಯನ್ನು ಕೊಟ್ಟನು. ಬೆನ್ನಿಗೇ ಒಂಟೆಗೆ ಒಂಟೆಯನ್ನೂ ಒಡ್ಡಿದನು. ಉಳಿದವರು ಅರಸರು ಮತ್ತು ಪ್ಯಾದೆಗಳು. ಬಿಳಿಯ ಅರಸನು ಇ-3ರಲ್ಲಿ, ಕರಿಯ ಅರಸನು ಇ-5ರಲ್ಲಿ, ನಡುವೆ ಒಂದೇ ಮನೆ ಬಿಟ್ಟು ಎದುರುಬದುರಾಗಿ ನಿಂತರು. ನಡೆಯುವ ಸರದಿ ಬಿಳಿಯದು. ಐವತ್ತೆಂಟನೆಯ ಆ ನಡೆಯನ್ನು ನೋಡಿ ಡಿಂಗ್ ಸೋಲೊಪ್ಪಿದರು.

ಹೀಗೆ ಒಂದು ಮನೆ ಬಿಟ್ಟು ಅರಸರು ಎದುರುಬದುರಾಗುವ ಸ್ಥಿತಿಯನ್ನು ನಾವು 'ಎದುರುನಿಲುವು' ಎಂದು ಕರೆಯೋಣ. ಒಬ್ಬ ಅರಸನು ಇನ್ನೊಬ್ಬನ ಪಕ್ಕದ ಮನೆಗೆ ಕಾಲಿಡಲಾರನು; ಆದಕಾರಣ ಅವರ ನಡುವಿನ ಸಾಲಿನ ಮೂರು ಮನೆಗಳು ಇಬ್ಬರಿಗೂ ನಿಷಿದ್ಧ. ಈ ಸ್ಥಿತಿಯಲ್ಲಿ ಸರದಿ ಯಾರದೋ ಅವನೇ ಪಕ್ಕಕ್ಕೆ ಸರಿಯಬೇಕು ಇಲ್ಲವೆ ಹಿಂಜರಿಯಬೇಕು. ನಡೆಯುವ ಹಕ್ಕು ಬೇರೆಲ್ಲ ಕಡೆ ಲಾಭ. ಇಲ್ಲಿ ಅದೇ ಹೊರೆ. ಹದಿನೈದು ನಿಮಿಷ ಹಲಗೆಯ ಮೇಲೆ ಅರಸರಿಬ್ಬರನ್ನೇ ಇಟ್ಟುಕೊಂಡು ನಡೆಸಿ ನೋಡಿದರೆ ಇದು ಮನಸ್ಸಿಗೆ ಹತ್ತುವುದು.

ಈಗ ಪ್ಯಾದೆಯನ್ನು ಸೇರಿಸೋಣ. ಬಿಳಿಯ ಅರಸನು ಇ-6ರಲ್ಲಿ, ಅವನ ಪ್ಯಾದೆ ಅವನ ಹಿಂದೆ ಇ-5ರಲ್ಲಿ, ಕರಿಯ ಅರಸನು ಇ-8ರಲ್ಲಿ ಇರಲಿ. ಸರದಿ ಯಾರದಾದರೂ ಬಿಳಿಯದೇ ಗೆಲುವು. ಕರಿಯನು ಡಿ-8ಕ್ಕೆ ಸರಿದರೆ ಬಿಳಿಯ ಅರಸನು ಎಫ್-7ಕ್ಕೆ ಏರುತ್ತಾನೆ; ಪ್ಯಾದೆಯ ದಾರಿಯ ಮೂರು ಮನೆಗಳೂ ಅವನ ಕಾವಲಿಗೆ ಬರುತ್ತವೆ. ಅರಸನೇ ಮುಂದಾಳು, ಪ್ಯಾದೆಯು ಅವನ ಹಿಂದೆ ನಡೆಯತಕ್ಕದ್ದು. ನಮ್ಮ ಮಕ್ಕಳು ಮಾಡುವುದು ಇದರ ವಿಪರೀತ: ಪ್ಯಾದೆಯನ್ನು ಅವಸರದಿಂದ ಮುಂದೆ ಓಡಿಸಿ ಅರಸನನ್ನು ಹಿಂದೆ ಉಳಿಸುತ್ತಾರೆ.

ಅವಸರದ ಫಲವೇನೆಂಬುದನ್ನೂ ನೋಡೋಣ. ಪ್ಯಾದೆಯು ಇ-6ಕ್ಕೆ ಓಡಿದೆ, ಬಿಳಿಯ ಅರಸನು ಹಿಂದೆ ಇ-5ರಲ್ಲಿದ್ದಾನೆ, ಕರಿಯ ಅರಸನು ಇ-7ರಲ್ಲಿದ್ದಾನೆ, ಸರದಿ ಕರಿಯದು. ಅವನು ನೇರವಾಗಿ ಇ-8ಕ್ಕೆ ಹಿಂಜರಿದರೆ ಆಟ ಸಮ. ಬಿಳಿಯನು ಡಿ-6ಕ್ಕೆ ಬಂದರೆ ಇವನು ಡಿ-8ಕ್ಕೆ ಎದುರು ನಿಲ್ಲುತ್ತಾನೆ. ಪ್ಯಾದೆಯು ಇ-7ಕ್ಕೆ ಬಂದು ಶಹ ಕೊಟ್ಟರೆ ಇ-8ಕ್ಕೆ ಮರಳುತ್ತಾನೆ. ಪ್ಯಾದೆಯನ್ನು ಉಳಿಸಲು ಬಿಳಿಯನು ಇ-6ಕ್ಕೆ ಬಂದೊಡನೆ ಕರಿಯನಿಗೆ ಶಹವೂ ಇಲ್ಲ, ನಡೆಯೂ ಇಲ್ಲ. ಇದೇ ಸ್ಟೇಲ್‌ಮೇಟ್, ಅರ್ಧ ಅಂಕ. ಆದರೆ ಕರಿಯನು ಮೊದಲಿಗೇ ಇ-8ನ್ನು ಬಿಟ್ಟು ಡಿ-8ಕ್ಕೆ ಹೋಗಿದ್ದರೆ ಬಿಳಿಯನು ಡಿ-6ಕ್ಕೆ ಬಂದು ತಾನೇ ಎದುರುನಿಲುವನ್ನು ಹಿಡಿದು ಗೆಲ್ಲುತ್ತಿದ್ದನು. ಒಂದೇ ಮನೆಯ ಅಂತರ!

ಅರಸನ ನೆರವಿಲ್ಲದೆ ಪ್ಯಾದೆಯೊಂದೇ ಓಡುವಾಗ ಬೆರಳೆಣಿಸುವ ಶ್ರಮ ಬೇಡ. ಪ್ಯಾದೆಯಿಂದ ಕಡೆಯ ಸಾಲಿನವರೆಗೆ ಒಂದು ಗೆರೆ, ಅಷ್ಟೇ ಉದ್ದದ ಗೆರೆ ಪಕ್ಕಕ್ಕೆ, ಹೀಗೆ ಮನಸ್ಸಿನಲ್ಲಿ ಒಂದು ಚೌಕವನ್ನು ಬರೆಯಬೇಕು. ಪ್ಯಾದೆಯು ಎ-4ರಲ್ಲಿದ್ದರೆ ಚೌಕದ ಮೂಲೆಗಳು ಎ-4, ಎ-8, ಇ-8, ಇ-4. ತನ್ನ ಸರದಿಯಲ್ಲಿ ಎದುರಾಳಿಯ ಅರಸನು ಚೌಕದೊಳಗೆ ಕಾಲಿಡಬಲ್ಲವನಾದರೆ ಪ್ಯಾದೆಯನ್ನು ಹಿಡಿಯುತ್ತಾನೆ; ಇಲ್ಲವಾದರೆ ಇಲ್ಲ. ಎಫ್-5ರಲ್ಲಿರುವ ಅರಸನು ತನ್ನ ಸರದಿಯಿದ್ದರೆ ಹಿಡಿದಾನು. ಸರದಿ ಪ್ಯಾದೆಯದಾದರೆ ಒಂದು ಹೆಜ್ಜೆ ತಡವಾಗಿ ಬಂದಾನು.

ಇಲ್ಲಿ ಪೋಷಕರಿಗೆ ಒಂದು ಮಾತು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕಡೆ ಕನ್ನಡ, ತೆಲುಗು, ಉರ್ದು, ಮರಾಠಿಗಳು ಬೆರೆತಿರುವುದರಿಂದ ಕಾಲಾಳು ಪ್ಯಾದೆಯೂ ಆಗುತ್ತಾನೆ, ಮಂತ್ರಿಯು ವಜೀರನೂ ಆಗುತ್ತಾನೆ. ಹೆಸರು ಯಾವುದಾದರೂ ಬಾಧಕವಿಲ್ಲ. ನಿಯಮದ ಮಾತು ಬೇರೆ. ಹಿರಿಯರು ಕಲಿಸುವ ದೇಶೀ ಆಟದಲ್ಲಿ ಪ್ಯಾದೆಯು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಕಡೆಯ ಸಾಲನ್ನು ಮುಟ್ಟಿದಾಗ ಆ ಕಂಬಸಾಲಿಗೆ ಸೇರಿದ ಕಾಯಿಯಾಗುವುದೇ ಹಲವೆಡೆಯ ರೂಢಿ. ಪಂದ್ಯಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ನಿಯಮದಂತೆ ಪ್ಯಾದೆಯು ಮೊದಲ ಸಲ ಎರಡು ಮನೆ ಹಾರಬಹುದು. ಕಡೆಗೆ ಯಾವ ಕಂಬಸಾಲಿನಲ್ಲಿದ್ದರೂ ಮಂತ್ರಿಯಾಗಬಹುದು. ಆದ್ದರಿಂದ ಮನೆಯಲ್ಲಿ ಬೆಲೆಯಿಲ್ಲದೆ ಬಿಟ್ಟ ಪ್ಯಾದೆಯು ಪಂದ್ಯದಲ್ಲಿ ಆಟವನ್ನೇ ಗೆಲ್ಲಬಲ್ಲದು. ದೇಶೀ ಪದ್ಧತಿಯಲ್ಲಿ ಕಲಿತದ್ದು ವ್ಯರ್ಥವೆಂದು ಮಾತ್ರ ಭಾವಿಸಬಾರದು. ಪಂಜಾಬಿನ ಮೀರ್ ಸುಲ್ತಾನ್ ಖಾನರು ಅದರಲ್ಲಿಯೇ ಬೆಳೆದು, ಅನಂತರ ಹೊಸ ನಿಯಮಗಳನ್ನು ಕಲಿತು 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಕೊನೆಯಾಟವೇ ಅವರ ಬಲವಾಗಿತ್ತು. ನಮ್ಮವರಿಗೆ ಕುದುರೆಯ ಮೇಲೆ ಮೊದಲಿನಿಂದ ಮೋಹ ಹೆಚ್ಚು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಕುದುರೆಯು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟುವ ಚಮತ್ಕಾರದ ಬಂಧಗಳನ್ನು ರಚಿಸಿದರು. ಪ್ಯಾದೆಗೆ ಅಂತಹ ರಾಜಾಶ್ರಯ ದೊರೆಯಲಿಲ್ಲವೇನೋ!

ಕಡೆಯದಾಗಿ ಒಂದು ಅಪವಾದ. ಮೇಲಿನ ನಿಯಮಗಳೆಲ್ಲ ನಡುವಿನ ಆರು ಕಂಬಸಾಲುಗಳ ಪ್ಯಾದೆಗೆ ಒಪ್ಪುತ್ತವೆ. ಎ ಮತ್ತು ಎಚ್ ಎಂಬ ಅಂಚಿನ ಸಾಲುಗಳಲ್ಲಿ ಎದುರಾಳಿಯ ಅರಸನು ಪ್ಯಾದೆಯ ಮುಂದಿನ ಮೂಲೆಯನ್ನು ಹಿಡಿದು ಕುಳಿತರೆ ಸಾಕು, ಅರಸನೂ ಒಂದು ಪ್ಯಾದೆಯೂ ಸೇರಿ ಅವನನ್ನು ಅಲ್ಲಿಂದ ಎಬ್ಬಿಸಲಾರರು. ಅವನಿಗೆ ನಡೆಯಿಲ್ಲದಂತೆ ಮಾಡಿದೊಡನೆ ಆಟ ಸಮವಾಗುವುದು. ಆದಕಾರಣ ಕಾಯಿಗಳನ್ನು ಕೊಟ್ಟು ತೆಗೆದುಕೊಳ್ಳುವ ಮುನ್ನವೇ, ಕಡೆಗೆ ತನಗೆ ಉಳಿಯುವ ಪ್ಯಾದೆ ಅಂಚಿನದೋ ನಡುವಿನದೋ ಎಂದು ನೋಡಿಕೊಳ್ಳಬೇಕು.