ಮೊದಲ ಕತ್ತರಿ ರೋಗಿಯ ಮೇಲೆ ಬೇಡ

ದಡದ ಮೇಲೆ ಕುಳಿತು ಈಜು ಕಲಿಯಲಾಗದು. ಈಜು ಬಾರದೆ ಮಡುವಿಗೆ ಇಳಿದರೆ ಜೀವಕ್ಕೇ ಸಂಚಕಾರ. ಶಸ್ತ್ರವೈದ್ಯನಾಗಲು ಹೊರಟ ವಿದ್ಯಾರ್ಥಿಯ ಪಾಡೂ ಹೀಗೆಯೇ. ಶಸ್ತ್ರಚಿಕಿತ್ಸೆ ಮಾಡದೆ ಕೈ ಪಳಗುವುದಿಲ್ಲ. ಪಳಗದ ಕೈಗೆ ತನ್ನ ಹೊಟ್ಟೆಯನ್ನು ಒಪ್ಪಿಸಲು ಯಾವ ರೋಗಿ ತಾನೇ ಸಿದ್ಧನಿದ್ದಾನು? ಈಜುವವನು ತಪ್ಪಿದರೆ ಮುಳುಗುವವನು ಅವನೇ. ಇಲ್ಲಿಯಾದರೋ ತಪ್ಪು ಒಬ್ಬರದು, ನೋವು ಇನ್ನೊಬ್ಬರದು.

ಈ ಇಕ್ಕಟ್ಟು ಇಂದಿನದಲ್ಲ. ಸುಶ್ರುತ ಸಂಹಿತೆಯಲ್ಲಿ ಶಿಷ್ಯರ ಕೈ ಪಳಗಿಸುವುದಕ್ಕೆಂದೇ ಒಂದು ಅಧ್ಯಾಯವಿದೆ. ಸೋರೆ, ಸೌತೆಯಂಥ ಕಾಯಿಗಳ ಮೇಲೆ ಕೊಯ್ಯುವ ಅಭ್ಯಾಸ. ತಾವರೆ ದಂಟಿನ ಮೇಲೆ ರಕ್ತನಾಳ ಚುಚ್ಚುವ ಅಭ್ಯಾಸ. ಹುಳು ತಿಂದ ಮರದ ತೂತಿನಲ್ಲಿ ಸಲಾಕೆ ಆಡಿಸುವ ಅಭ್ಯಾಸ. ಹಲಸು, ಬಿಲ್ವದ ಹಣ್ಣುಗಳಲ್ಲಿ ಒಳಗಿನದನ್ನು ಹೊರತೆಗೆಯುವ ಅಭ್ಯಾಸ. ಬಟ್ಟೆಯ ಅಂಚಿನಲ್ಲಿ ಹೊಲಿಗೆಯ ಅಭ್ಯಾಸ. ಶಾಸ್ತ್ರವನ್ನೆಲ್ಲ ಓದಿದವನೂ ಅಭ್ಯಾಸವಿಲ್ಲದಿದ್ದರೆ ಕೆಲಸಕ್ಕೆ ಅನರ್ಹ ಎಂಬುದು ಆ ಅಧ್ಯಾಯದ ನಿಲುವು. ಇಂದಿನ ವೈದ್ಯಕೀಯ ಕಾಲೇಜುಗಳಲ್ಲಿ ಸೋರೆಕಾಯಿಯ ಜಾಗಕ್ಕೆ ಕಂಪ್ಯೂಟರ್ ಬರುತ್ತಿದೆ.

ಕನ್ನಡಿಯ ಎದುರು ಕೈ

ನಡುವಿನ ಕಾಲದಲ್ಲಿ ಶಿಷ್ಯ ಗುರುವಿನ ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಬಳಿಕ ಗುರುವಿನ ಕಣ್ಗಾವಲಿನಲ್ಲಿ ರೋಗಿಯ ಮೇಲೆಯೇ ಮಾಡುತ್ತಿದ್ದ. ‘ಒಮ್ಮೆ ನೋಡು, ಒಮ್ಮೆ ಮಾಡು, ಒಮ್ಮೆ ಕಲಿಸು’ ಎಂಬುದು ಶಸ್ತ್ರವೈದ್ಯರಲ್ಲಿ ಬಳಕೆಯಾದ ಮಾತು. ಈ ಪದ್ಧತಿ ಸಾಲದೆಂದು ಎದ್ದು ಕಂಡದ್ದು ಲ್ಯಾಪರೊಸ್ಕೋಪ್ ಬಂದಾಗ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳ ಮೂಲಕವೇ ಪಿತ್ತಕೋಶವನ್ನು ತೆಗೆದರು. ಕೆಲವೇ ವರ್ಷಗಳಲ್ಲಿ ಈ ವಿಧಾನ ಎಲ್ಲೆಡೆ ಹರಡಿತು. ರೋಗಿಗೆ ನೋವು ಕಡಿಮೆ, ಬೇಗನೆ ಮನೆಗೆ ಹೋಗಬಹುದು. ಆದರೆ ಆರಂಭದ ವರ್ಷಗಳಲ್ಲಿ ಪಿತ್ತನಾಳಕ್ಕೆ ಪೆಟ್ಟಾಗುವ ಪ್ರಕರಣಗಳು ಹೆಚ್ಚಿದವು.

ಕಾರಣವೇನು? ವೈದ್ಯನ ಕೈ ಹೊರಗೆ, ಉಪಕರಣದ ತುದಿ ಒಳಗೆ. ಹೊಟ್ಟೆಯ ಗೋಡೆ ಸನ್ನೆಕೋಲಿನ ಆಧಾರಬಿಂದುವಾಗುತ್ತದೆ. ಕೈ ಬಲಕ್ಕೆ ಸರಿದರೆ ತುದಿ ಎಡಕ್ಕೆ ಸರಿಯುತ್ತದೆ. ಕೈ ಮೇಲೆತ್ತಿದರೆ ತುದಿ ಕೆಳಗಿಳಿಯುತ್ತದೆ. ಕಣ್ಣು ನೋಡುವುದು ಟಿ.ವಿ. ಪರದೆಯನ್ನು, ಅಲ್ಲಿ ಆಳ ಸರಿಯಾಗಿ ತಿಳಿಯುವುದಿಲ್ಲ. ಬೆರಳಿಗೆ ಅಂಗದ ಸ್ಪರ್ಶವೂ ಇಲ್ಲ.

ಇದರ ಕಷ್ಟ ತಿಳಿಯಬೇಕೆ? ಕಾಗದದ ಮೇಲೆ ಜೋಡಿ ಗೆರೆಯ ನಕ್ಷತ್ರ ಬರೆಯಿರಿ. ಎದುರಿಗೆ ಕನ್ನಡಿ ನಿಲ್ಲಿಸಿ, ಕೈ ನೇರವಾಗಿ ಕಾಣದಂತೆ ಪುಸ್ತಕವೊಂದನ್ನು ಅಡ್ಡ ಹಿಡಿಸಿ. ಕನ್ನಡಿಯನ್ನಷ್ಟೇ ನೋಡುತ್ತ ಎರಡು ಗೆರೆಗಳ ನಡುವೆ ಪೆನ್ಸಿಲ್ ಸಾಗಿಸಿ. ಮೊದಲ ಸಲ ಪೆನ್ಸಿಲ್ ಮೂಲೆಮೂಲೆಯಲ್ಲೂ ತಡವರಿಸುತ್ತದೆ. ಹತ್ತು ಸಲವಾದ ಮೇಲೆ ಸಲೀಸಾಗುತ್ತದೆ.

ಇದೇ ಪ್ರಯೋಗವನ್ನು ಕೆನಡಾದ ವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಮಿದುಳಿನ ಶಸ್ತ್ರಚಿಕಿತ್ಸೆಯ ಬಳಿಕ ಹೊಸ ನೆನಪುಗಳನ್ನು ಉಳಿಸಿಕೊಳ್ಳಲಾಗದ ಒಬ್ಬ ರೋಗಿಗೆ ಮಾಡಿಸಿದ್ದರು. ಫಲಿತಾಂಶ 1962ರಲ್ಲಿ ಪ್ರಕಟವಾಯಿತು. ಹಿಂದೆ ಬರೆದದ್ದೇ ಆತನಿಗೆ ನೆನಪಿರಲಿಲ್ಲ. ಆದರೂ ಕೈ ದಿನದಿಂದ ದಿನಕ್ಕೆ ಸುಧಾರಿಸಿತು. ವಿಷಯದ ನೆನಪು ಬೇರೆ, ಕೈಯ ಕಲಿಕೆ ಬೇರೆ. ಪುಸ್ತಕವನ್ನು ಎಷ್ಟು ಸಲ ಓದಿದರೂ ಕೈ ತಾನಾಗಿ ಕಲಿಯದು.

ತಪ್ಪು ಮಾಡಲು ಒಂದು ಜಾಗ

ವಿಮಾನ ಚಾಲಕರಿಗೆ ಇಂಥ ಅನುಕೂಲ ಮೊದಲೇ ಒದಗಿತ್ತು. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ರೂಪಿಸಿದ ಯಂತ್ರದಲ್ಲಿ ನೆಲದ ಮೇಲೆ ಕುಳಿತೇ ಹಾರಾಟ ಕಲಿಯಬಹುದಿತ್ತು. ಅದೇ ತತ್ತ್ವವನ್ನು ವರ್ಚುಯಲ್ ರಿಯಾಲಿಟಿಯ ನೆರವಿನಿಂದ ಶಸ್ತ್ರಚಿಕಿತ್ಸೆಗೆ ತರುವ ಪ್ರಯತ್ನವನ್ನು ಅಮೆರಿಕದ ಸೇನಾ ಶಸ್ತ್ರವೈದ್ಯ ರಿಚರ್ಡ್ ಸಟಾವ 1993ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು.

ಯಂತ್ರದಲ್ಲಿ ಮಾಯಮಂತ್ರವೇನಿಲ್ಲ. ವಿದ್ಯಾರ್ಥಿ ನಿಜವಾದ ಹಿಡಿಕೆಗಳನ್ನೇ ಹಿಡಿಯುತ್ತಾನೆ. ಸಂವೇದಕಗಳು ಕೈಯ ಚಲನೆಯನ್ನು ಅಳೆದು ಕಂಪ್ಯೂಟರಿಗೆ ತಿಳಿಸುತ್ತವೆ. ಪರದೆಯ ಮೇಲಿನ ಅಂಗ ಅದಕ್ಕೆ ತಕ್ಕಂತೆ ಬಾಗುತ್ತದೆ, ಹರಿಯುತ್ತದೆ, ರಕ್ತ ಸುರಿಸುತ್ತದೆ. ತಲೆಗೆ ಕಟ್ಟುವ ಸಾಧನವಾದರೆ ಎರಡು ಕಣ್ಣಿಗೂ ತುಸು ಬೇರೆಯಾದ ಚಿತ್ರ ತೋರಿಸಿ ಆಳದ ಭ್ರಮೆ ಮೂಡಿಸುತ್ತದೆ. ಕೆಲವು ಯಂತ್ರಗಳಲ್ಲಿ ಪುಟ್ಟ ಮೋಟಾರುಗಳು ಹಿಡಿಕೆಯನ್ನು ಹಿಂದಕ್ಕೆ ಒತ್ತಿ ಸ್ಪರ್ಶದ ಅನುಭವ ಕೊಡುತ್ತವೆ. ಕಣ್ಣಿಗೆ ಸಿನಿಮಾದ 24 ಚಿತ್ರಗಳು ಸಾಕು. ಬೆರಳನ್ನು ನಂಬಿಸಲು ಸೆಕೆಂಡಿಗೆ ಸುಮಾರು 1,000 ಸಲ ಲೆಕ್ಕ ಹಾಕಬೇಕು!

ಈ ಅಭ್ಯಾಸ ನಿಜವಾದ ರೋಗಿಯ ಬಳಿ ಫಲ ಕೊಡುವುದೇ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆ ಇದಕ್ಕೆ ಉತ್ತರ ಕೊಟ್ಟಿತು. 16 ಮಂದಿ ತರಬೇತಿ ವೈದ್ಯರಲ್ಲಿ ಅರ್ಧ ಜನರಿಗೆ ಯಂತ್ರದ ತರಬೇತಿ, ಉಳಿದವರಿಗೆ ಎಂದಿನ ಕಲಿಕೆ. ಬಳಿಕ ಎಲ್ಲರೂ ಹಿರಿಯರ ಮೇಲ್ವಿಚಾರಣೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಪಾಲ್ಗೊಂಡರು. ಯಾರು ಯಾವ ಗುಂಪಿನವರೆಂದು ತಿಳಿಯದ ತಜ್ಞರು ವಿಡಿಯೊ ನೋಡಿ ತಪ್ಪು ಎಣಿಸಿದರು. ಯಂತ್ರದಲ್ಲಿ ಪಳಗಿದವರು ಶೇ 29ರಷ್ಟು ಬೇಗ ಕೆಲಸ ಮುಗಿಸಿದ್ದರು. ಪಳಗದವರ ತಪ್ಪುಗಳು ಅವರದಕ್ಕಿಂತ ಸುಮಾರು ಆರು ಪಟ್ಟು. ಇಲ್ಲೊಂದು ಗುಟ್ಟಿದೆ. ಇಷ್ಟು ಗಂಟೆ ಕುಳಿತರೆ ಸಾಕು ಎಂಬ ನಿಯಮ ಅಲ್ಲಿರಲಿಲ್ಲ. ನುರಿತ ವೈದ್ಯರ ಮಟ್ಟ ಮುಟ್ಟುವವರೆಗೂ ಅಭ್ಯಾಸ ಮಾಡಬೇಕಿತ್ತು.

ಯಂತ್ರವೇ ಗುರುವಲ್ಲ

ಈ ಯಂತ್ರಗಳು ದುಬಾರಿ. ಮೆದು ಅಂಗಾಂಶದ ನಿಜವಾದ ಹದವನ್ನು ಅವು ಪೂರ್ತಿ ಅನುಕರಿಸಲಾರವು. ರೋಗಿಯ ಬಂಧುಗಳೊಡನೆ ಮಾತನಾಡುವುದನ್ನು ಕಲಿಸಲಾರವು. ಎಲ್ಲ ಕಲಿಕೆಗೂ ಕಂಪ್ಯೂಟರೇ ಬೇಕೆಂದೂ ಇಲ್ಲ. ಮೇಲೆ ರಂಧ್ರ, ಒಳಗೆ ಕ್ಯಾಮೆರಾ ಇರುವ ಸರಳ ಪೆಟ್ಟಿಗೆಯಲ್ಲಿ ಸಣ್ಣ ವಸ್ತುಗಳನ್ನು ಎತ್ತಿಡುತ್ತ, ಬಟ್ಟೆ ಕತ್ತರಿಸುತ್ತ, ಗಂಟು ಹಾಕುತ್ತಲೂ ಕೈ ಪಳಗಿಸಬಹುದು.

ಭಾರತದಲ್ಲಿ 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಕೌಶಲಗಳಿಗೆ ಒತ್ತು ಕೊಟ್ಟಿತು. 2020ರ ನಿಯಮಗಳು ಕಾಲೇಜುಗಳಲ್ಲಿ ಕೌಶಲ ಪ್ರಯೋಗಾಲಯ ಇರಬೇಕೆಂದವು. ಕೋಣೆ ಕಟ್ಟಿದರೆ ಸಾಲದು. ವಿದ್ಯಾರ್ಥಿ ಅಲ್ಲಿ ಬೆವರಬೇಕು, ತಪ್ಪಬೇಕು, ತಿದ್ದುವ ಗುರು ಹತ್ತಿರವಿರಬೇಕು.

ಮಕ್ಕಳನ್ನು ಡಾಕ್ಟರ್ ಮಾಡಬೇಕೆಂಬ ತಂದೆತಾಯಂದಿರೂ ಒಂದು ಮಾತು ಯೋಚಿಸುವುದು ಒಳ್ಳೆಯದು. ಪ್ರವೇಶ ಪರೀಕ್ಷೆಯ ಭರದಲ್ಲಿ ಮಗುವಿನ ಕೈಯಿಂದ ಸೂಜಿದಾರ, ಕುಂಚ, ಸ್ಕ್ರೂಡ್ರೈವರ್‌ಗಳನ್ನೆಲ್ಲ ಕಿತ್ತುಕೊಂಡು ಪುಸ್ತಕವೊಂದನ್ನೇ ಕೊಡುವುದು ರೂಢಿಯಾಗಿದೆ. ಅಂಕಗಳು ಕಾಲೇಜಿನ ಬಾಗಿಲು ತೆರೆಸುತ್ತವೆ, ನಿಜ. ಆದರೆ ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಮಂಪರಿಗೆ ಜಾರುವ ರೋಗಿ ನಂಬಿ ಮಲಗುವುದು ಎದುರಿಗಿರುವವರ ಕೈಯನ್ನು. ಆ ಕೈ ತನ್ನ ತಪ್ಪುಗಳನ್ನೆಲ್ಲ ಬೇರೆಲ್ಲೋ ಮಾಡಿ ಮುಗಿಸಿರಲಿ.