ಕಾಣದ ಮಕ್ಕಳಿಗೆ ಓದುವ ಸಾಧನ

ಓದು ಎಂಬುದು ಕಣ್ಣಿನ ಕೆಲಸವೆಂದು ಜಗತ್ತು ತಿಳಿದುಕೊಂಡಿದೆ. ಗದುಗಿನ ಸೀಮೆಯವರಾದ ನಾವು ಮಾತ್ರ ಹಾಗೆ ತಿಳಿಯಲು ಕಾರಣವಿಲ್ಲ. ಇಲ್ಲಿಯ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ, ತಾವೇ ಅಂಧರಾಗಿದ್ದು, ಎಷ್ಟೋ ಅಂಧ ಬಾಲಕರಿಗೆ ಅನ್ನವಿಕ್ಕಿ ಸಂಗೀತ ಕಲಿಸಿದರು. ಸಂಗೀತವು ಕಿವಿಯಿಂದ ಕಿವಿಗೆ ಹೋಗುವ ವಿದ್ಯೆ. ಪುಸ್ತಕವಿಲ್ಲದಿದ್ದರೂ ಅದು ನಡೆದೀತು. ಆದರೆ ಪುಟ್ಟರಾಜರು (1914–2010) ಅಷ್ಟಕ್ಕೇ ನಿಲ್ಲಲಿಲ್ಲ. ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಗೆ ಇಳಿಸಿದರು. ಕಿವಿಯ ಮೇಲೆ ಅಷ್ಟು ಪ್ರಭುತ್ವವಿದ್ದವರಿಗೂ ಬೆರಳಿಗೆ ಸಿಕ್ಕುವ ಅಕ್ಷರ ಬೇಕಾಯಿತೆಂಬುದನ್ನು ಗಮನಿಸಬೇಕು. ಈಗ ಕಂಪ್ಯೂಟರೂ ಮೊಬೈಲೂ ತಾವಾಗಿಯೇ ಓದಿ ಹೇಳುತ್ತವೆ. ಇನ್ನು ಬ್ರೈಲ್ ಏತಕ್ಕೆಂದು ಕೇಳುವವರು ಹುಟ್ಟಿಕೊಂಡಿದ್ದಾರೆ. ಕಾಣದ ಮಗುವಿಗಾಗಿ ಓದುವ ಸಾಧನವನ್ನು ರೂಪಿಸುವವರು ಮೊದಲು ಈ ಪ್ರಶ್ನೆಯನ್ನೇ ಬಿಡಿಸಿಕೊಳ್ಳಬೇಕು.

ಬ್ರೈಲ್ ಲಿಪಿಯನ್ನು ಕಂಡುಹಿಡಿದವನು ಫ್ರಾನ್ಸಿನ ಲೂಯಿ ಬ್ರೈಲ್. ಅವನು ಹುಟ್ಟಿದ್ದು 1809ರಲ್ಲಿ. ತಂದೆ ಚರ್ಮದ ಕೆಲಸದವನು. ಅವನ ಉಳಿಯು ತಗುಲಿ ಮೂರು ವರ್ಷದ ಮಗುವಿನ ಕಣ್ಣು ಹೋಯಿತು. ಆ ಕಾಲದಲ್ಲಿ ಪ್ಯಾರಿಸಿನ ಅಂಧರ ಶಾಲೆಯಲ್ಲಿ ನಾವು ಓದುವ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿ ಮುದ್ರಿಸುತ್ತಿದ್ದರು. ಬೆರಳಿಗೆ ಅವು ಸುಲಭವಾಗಿ ತಿಳಿಯುತ್ತಿರಲಿಲ್ಲ. ಕಣ್ಣಿದ್ದವರು ತಮಗೆ ಅನುಕೂಲವಾದುದನ್ನೇ ಕಣ್ಣಿಲ್ಲದವರಿಗೂ ಕೊಟ್ಟಿದ್ದರು. ಲೂಯಿಯು ತನ್ನ ಹದಿನೈದನೆಯ ವಯಸ್ಸಿನಲ್ಲಿ, 1824ರ ಸುಮಾರಿಗೆ, ಬೆರಳ ತುದಿಗೆ ಒಮ್ಮೆಲೇ ಹೊಂದುವಂಥ ಆರು ಚುಕ್ಕೆಗಳ ಮನೆಯೊಂದನ್ನು ಕಲ್ಪಿಸಿದ. ಒಂದು ಮನೆಯಲ್ಲಿ ಆರು ಚುಕ್ಕೆ. ಯಾವುದು ಉಬ್ಬಿದೆ, ಯಾವುದು ಇಲ್ಲ ಎಂಬುದರಿಂದ ಅರವತ್ತಮೂರು ಗುರುತುಗಳಾಗುತ್ತವೆ.

ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಸ್ವೀಕೃತವಾಯಿತು. ಇದರಲ್ಲಿ ಕನ್ನಡದ ‘ಕ’ಕ್ಕೂ ಇಂಗ್ಲಿಷಿನ ‘ಕೆ’ಗೂ ಚುಕ್ಕೆ ಒಂದೇ, ಹಿಂದಿಯ ‘ಕ’ಕ್ಕೂ ಅದೇ. ಮೂರು ಲಿಪಿ ಕಲಿಯಬೇಕಾದ ನಮ್ಮ ಮಕ್ಕಳಿಗೆ ಈ ಭಾಗ್ಯವಿಲ್ಲ! ಇನ್ನೊಂದು ವಿಶೇಷವನ್ನು ನಮ್ಮ ನೆರೆಯ ಯಾವಗಲ್ ಊರಿನ ಹೆಸರಿನಿಂದಲೇ ತೋರಿಸಬಹುದು. ಅಚ್ಚಿನಲ್ಲಿ ಇದು ನಾಲ್ಕು ಅಕ್ಷರ. ಬ್ರೈಲಿನಲ್ಲಿ ಯ, ಆ, ವ, ಗ, ಆಮೇಲೆ ಸ್ವರವಿಲ್ಲವೆಂಬ ಗುರುತು, ಕೊನೆಗೆ ಲ, ಹೀಗೆ ಆರು ಮನೆಗಳು. ದೀರ್ಘವು ‘ಯ’ದ ಮೈಗೆ ಅಂಟಿಕೊಳ್ಳದೆ ಅದರ ಪಕ್ಕದಲ್ಲಿ ನಿಲ್ಲುತ್ತದೆ. ನಾವು ‘ಲ್’ ಎಂದು ಬರೆಯುವಾಗ ಅಕ್ಷರದ ಮೇಲೆ ಗುರುತು ಹಾಕುತ್ತೇವೆ. ಅಲ್ಲಿ ಆ ಗುರುತು ಅಕ್ಷರಕ್ಕಿಂತ ಮೊದಲೇ ಬಂದು, ಮುಂದೆ ಬರುವುದು ಅರೆಯಕ್ಷರವೆಂದು ಬೆರಳಿಗೆ ಎಚ್ಚರಿಕೆ ಕೊಡುತ್ತದೆ. ಒತ್ತಕ್ಷರಗಳ ಗತಿಯೂ ಇದೇ. ಕೆಳಗೆ ತೂಗುವುದೆಂಬುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ ಸಾಗುತ್ತದೆ.

ಇನ್ನು ಕಿವಿಯ ಓದು. ಕಂಪ್ಯೂಟರಿನ ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳಿವೆ. ಅವುಗಳಲ್ಲಿ ಎನ್‌ವಿಡಿಎ ಎಂಬುದನ್ನು 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣನು ಆರಂಭಿಸಿದ. ಅದು ಬೆಲೆಯಿಲ್ಲದೆ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಎಂಬುದು ಈ ಕೆಲಸ ಮಾಡುತ್ತದೆ. ಬೆಳೆದವರಿಗೆ ಇದೊಂದು ವರವೇ ಸರಿ. ಪಳಗಿದವರು ನಮಗೆ ಅರ್ಥವೇ ಆಗದಷ್ಟು ವೇಗದಲ್ಲಿ ಕೇಳಿ ಗ್ರಹಿಸುತ್ತಾರೆ. ಆದರೆ ಅಕ್ಷರ ಕಲಿಯುತ್ತಿರುವ ಮಗುವಿನ ಮಾತು ಬೇರೆ. ‘ವಿಷಯ’ದಲ್ಲಿರುವುದು ಯಾವ ಷಕಾರ, ‘ಶೇಷ’ದಲ್ಲಿ ಮೊದಲಿನದು ಯಾವುದು, ‘ಅರ್ಧ’ದಲ್ಲಿರುವುದು ಅಲ್ಪಪ್ರಾಣವೋ ಮಹಾಪ್ರಾಣವೋ, ಇವನ್ನು ಯಂತ್ರದ ಧ್ವನಿಯಿಂದ ತಿಳಿಯಲಾಗದು. ಯಂತ್ರವನ್ನೇಕೆ ದೂರಬೇಕು, ನಮ್ಮ ನಾಲಿಗೆಯೂ ಈ ಭೇದವನ್ನು ಎಷ್ಟು ಪಾಲಿಸುತ್ತದೆ? ಬರಿಯ ಕೇಳಿಕೆಯಿಂದ ಬೆಳೆದ ಹುಡುಗನು ಬುದ್ಧಿವಂತನಾಗಬಹುದು, ಆದರೆ ತನ್ನ ಹೆಸರನ್ನು ಬರೆಯುವಾಗಲೂ ಇನ್ನೊಬ್ಬರನ್ನು ಕೇಳಬೇಕಾದೀತು. ಆದುದರಿಂದ ಮಗುವಿಗೆ ಬೇಕಾದುದು ಬೆರಳು, ಕಿವಿ ಎರಡೂ ಕೂಡಿದ ಸಾಧನ.

ಅಂಥವು ಈಗ ಬಂದಿವೆ. ಕಾಗದದ ಬದಲು ಸಣ್ಣ ಮೊಳೆಗಳು ಏಳುತ್ತ ಇಳಿಯುತ್ತ ಒಂದೊಂದೇ ಸಾಲನ್ನು ತೋರಿಸುವ ಬ್ರೈಲ್ ಫಲಕಗಳಿವೆ. ಅವನ್ನು ಕಂಪ್ಯೂಟರಿಗೆ ಜೋಡಿಸಿದರೆ ಕಿವಿಗೆ ಬಿದ್ದ ಶಬ್ದವೇ ಬೆರಳಿಗೂ ಸಿಕ್ಕುತ್ತದೆ. ಬೆಲೆ ಮಾತ್ರ ಬಡವರ ಕೈಗೆ ಎಟುಕುವಂಥದಲ್ಲ. ಬೆಂಗಳೂರಿನ ಥಿಂಕರ್‌ಬೆಲ್ ಲ್ಯಾಬ್ಸ್ ಎಂಬ ಸಂಸ್ಥೆಯು ಮಕ್ಕಳಿಗಾಗಿಯೇ ‘ಆ್ಯನಿ’ ಎಂಬ ಯಂತ್ರವನ್ನು ಮಾಡಿದೆ. ಅದು ಚುಕ್ಕೆಯನ್ನು ಎಬ್ಬಿಸಿ, ಅಕ್ಷರವನ್ನು ಹೇಳಿ, ಮಗುವಿನಿಂದ ಕೀಲಿ ಒತ್ತಿಸಿ, ಆಟದಂತೆ ಪಾಠ ನಡೆಸುತ್ತದೆ. ಹೆಲೆನ್ ಕೆಲ್ಲರಳ ಗುರುವಿನ ಹೆಸರು ಅದಕ್ಕೆ.

ಯಂತ್ರವೆಷ್ಟೇ ಒಳ್ಳೆಯದಿರಲಿ, ಅದಕ್ಕೆ ಓದಲು ಕೊಡುವ ಪುಸ್ತಕ ಸರಿಯಿರಬೇಕಷ್ಟೆ. ಕನ್ನಡಕ್ಕೆ ದೊಡ್ಡ ತೊಡಕಿರುವುದು ಇಲ್ಲಿಯೇ. ಯುನಿಕೋಡಿನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ. ಆ ಸಂಖ್ಯೆಯನ್ನು ನೋಡಿ ಯಂತ್ರವು ಉಚ್ಚರಿಸುತ್ತದೆ. ಅದಕ್ಕಿಂತ ಹಿಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಕಣ್ಣಿಗೆ ಅದು ಅಚ್ಚ ಕನ್ನಡ. ಯಂತ್ರಕ್ಕೆ ಅರ್ಥವಿಲ್ಲದ ಗೊಂದಲ. ಪುಟಗಳ ಫೋಟೋ ತೆಗೆದು ಪುಸ್ತಕವೆಂದು ಹಂಚಿದರೆ ಇನ್ನೂ ಕಷ್ಟ, ಯಂತ್ರವು ಮೌನ ತಾಳುತ್ತದೆ. ಫೋಟೋದಿಂದ ಅಕ್ಷರವನ್ನು ಗುರುತಿಸಿ ತೆಗೆಯುವ ತಂತ್ರಾಂಶಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿದ್ಧವಾದ ‘ಲಿಪಿ ಜ್ಞಾನಿ’ ಕನ್ನಡಕ್ಕಾಗಿಯೇ ಇರುವಂಥದು. ಆದರೆ ಇಂಥ ತಂತ್ರಾಂಶ ಒತ್ತಕ್ಷರದಲ್ಲಿ ಎಡವುವುದುಂಟು. ಯಾರಾದರೂ ಕುಳಿತು ತಿದ್ದಲೇಬೇಕು. ನಮ್ಮ ಕಾಲೇಜಿನಲ್ಲಿ ಕನ್ನಡ ಬೆರಳಚ್ಚು ಬಲ್ಲವರು ರಜೆಯಲ್ಲಿ ತಲೆಗೊಂದು ಪಾಠ ತಿದ್ದಿದರೂ ಒಂದು ತರಗತಿಯ ಪುಸ್ತಕ ಮುಗಿದೀತು.

ಇದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ. ಅಂಗವಿಕಲರಿಗಾಗಿ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ನಮ್ಮ ಕೃತಿಸ್ವಾಮ್ಯದ ಕಾಯಿದೆಯು 2012ರ ತಿದ್ದುಪಡಿಯಿಂದ ಅವಕಾಶ ಕೊಟ್ಟಿದೆ. 2013ರ ಮಾರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಸ್ಥಿರೀಕರಿಸಿದ ದೇಶ ಭಾರತವೇ. 2016ರಲ್ಲಿ ಸುಗಮ್ಯ ಪುಸ್ತಕಾಲಯವೆಂಬ ಅಂತರ್ಜಾಲದ ಗ್ರಂಥಾಲಯವೂ ಆರಂಭವಾಯಿತು.

ಪೂರ್ತಿ ಅಂಧರಲ್ಲದ, ಮಂದದೃಷ್ಟಿಯ ಮಕ್ಕಳನ್ನು ನಾವು ಮರೆಯುತ್ತೇವೆ. ಅವರು ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವವರು. ದಡ್ಡರೆಂದು ಹಿಂದಿನ ಸಾಲಿಗೆ ಹೋಗುವವರೂ ಅವರೇ. ಪ, ಷ ಎರಡಕ್ಕೂ ಭೇದ ಒಳಗಿನ ಒಂದು ಗೀಟು. ದ, ಧ, ಥಗಳಲ್ಲಿ ಒಂದು ಸೀಳು, ಒಂದು ಚುಕ್ಕೆ. ಒತ್ತಕ್ಷರವಂತೂ ಮೊದಲೇ ಸಣ್ಣದು. ಆದ್ದರಿಂದ ಅಕ್ಷರ ದೊಡ್ಡದಾದರೆ ಸಾಲದು. ಗೆರೆ ದಪ್ಪವಾಗಿ, ಸಾಲಿನ ನಡುವೆ ಒತ್ತಿಗೆ ಎಡೆಯಿದ್ದು, ಬಣ್ಣ ಅಚ್ಚಗಪ್ಪು ಇಲ್ಲವೆ ಕಪ್ಪಿನ ಮೇಲೆ ಬಿಳುಪಾಗಿರಬೇಕು. ದೊಡ್ಡದು ಮಾಡಿದಾಗ ಸಾಲು ತೆರೆಯ ಅಂಚಿನಲ್ಲಿ ತಾನೇ ಮಡಚಿಕೊಳ್ಳಬೇಕು. ಇಲ್ಲವಾದರೆ ಪ್ರತಿ ಸಾಲಿಗೂ ತೆರೆಯನ್ನು ಆಚೆ ಈಚೆ ಎಳೆಯುತ್ತ ಮಗುವಿಗೆ ವಾಕ್ಯದ ಮೊದಲೇ ಮರೆತುಹೋಗುತ್ತದೆ.

ಚಿತ್ರಗಳ ಪ್ರಶ್ನೆ ಎಲ್ಲಕ್ಕಿಂತ ಕಠಿಣ. ‘ಚಿತ್ರ 4’ ಎಂದು ಯಂತ್ರ ಓದಿ ಮುಂದೆ ಹೋದರೆ ಆ ಪಾಠದ ಅರ್ಧ ಹೋದಂತೆ. ಪ್ರತಿ ಚಿತ್ರದ ಹಿಂದೆಯೂ ಯಂತ್ರ ಓದಬಲ್ಲ ಎರಡು ಮಾತು ಇಡಬಹುದು. ಮಲಪ್ರಭೆಯ ನಕ್ಷೆಯಿದ್ದರೆ ‘ನದಿಯ ನಕ್ಷೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಕಣಕುಂಬಿಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಸವದತ್ತಿಯ ಬಳಿ ಅಣೆಕಟ್ಟು ಕಟ್ಟಿಸಿಕೊಂಡು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ ಎಂದು ಬರೆದರೆ ಮಗುವಿನ ಮನಸ್ಸಿನಲ್ಲಿ ದಿಕ್ಕು ಮೂಡುತ್ತದೆ. ಅದರ ಜೊತೆಗೆ ದಪ್ಪ ಹಾಳೆಯ ಮೇಲೆ ದಾರವನ್ನು ಅಂಟಿಸಿ ನದಿ ಮಾಡಿ, ಅಣೆಕಟ್ಟಿನ ಕಡೆ ಒಂದು ಹುಣಸೆಬೀಜ ಅಂಟಿಸಿಕೊಟ್ಟರೆ ಇನ್ನೂ ಒಳ್ಳೆಯದು. ಅದಕ್ಕೆ ವಿದ್ಯುತ್ತು ಬೇಡ, ಅಂತರ್ಜಾಲವೂ ಬೇಡ.