ಸಾಕುನಾಯಿಗಳಿಗೆ ಧಾನ್ಯರಹಿತ ತಿನಿಸುಗಳ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ:
ಇತ್ತೀಚಿನ ವರ್ಷಗಳಲ್ಲಿ ಸಾಕುನಾಯಿಗಳಿಗಾಗಿ ‘ಧಾನ್ಯರಹಿತ’ ಎಂಬ ಹೆಸರಿನ ಬಿಸ್ಕತ್ತು ಹಾಗೂ ಇತರ ತಿನಿಸುಗಳು ಮಾರುಕಟ್ಟೆಯಲ್ಲಿ ಹೇರಳವಾಗಿ ದೊರೆಯುತ್ತಿವೆ. ಗೋಧಿ, ಅಕ್ಕಿ, ಮೆಕ್ಕೆಜೋಳ, ರಾಗಿ ಮುಂತಾದ ಧಾನ್ಯಗಳನ್ನು ಬಳಸದೆ ತಯಾರಿಸಿದ ತಿನಿಸುಗಳನ್ನು ಹೀಗೆ ಕರೆಯಲಾಗುತ್ತದೆ. ಇವು ಸಾಮಾನ್ಯ ತಿನಿಸುಗಳಿಗಿಂತ ಶ್ರೇಷ್ಠವೆಂಬ ಭಾವನೆಯಿಂದ ಅನೇಕ ಪಾಲಕರು ಹೆಚ್ಚಿನ ಬೆಲೆ ನೀಡಿ ಖರೀದಿಸುತ್ತಿದ್ದಾರೆ. ಖರೀದಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಅವಶ್ಯಕ.

1. ಧಾನ್ಯವು ನಾಯಿಗೆ ಹಾನಿಕರವೇ?
ಆರೋಗ್ಯವಂತ ನಾಯಿಗೆ ಬೇಯಿಸಿದ ಧಾನ್ಯವು ಹಾನಿಕರವಲ್ಲ. ನಾಯಿಗಳಲ್ಲಿ ಪಿಷ್ಟವನ್ನು ಜೀರ್ಣಿಸುವ ಅಮೈಲೇಸ್ ಕಿಣ್ವದ ವಂಶವಾಹಿಯ ಪ್ರತಿಗಳು ತೋಳಗಳಲ್ಲಿರುವುದಕ್ಕಿಂತ ಹೆಚ್ಚಾಗಿವೆ ಎಂಬುದನ್ನು ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಿಳಿಸಿದ್ದಾರೆ. ನಮ್ಮ ಗ್ರಾಮಗಳಲ್ಲಿ ನಾಯಿಗಳು ತಲೆತಲಾಂತರದಿಂದ ಮುದ್ದೆ, ರೊಟ್ಟಿ ಹಾಗೂ ಅನ್ನವನ್ನು ತಿಂದು ಬೆಳೆದಿರುವುದು ಎಲ್ಲರಿಗೂ ತಿಳಿದ ವಿಷಯವಾಗಿದೆ.

2. ಧಾನ್ಯರಹಿತ ತಿನಿಸು ಯಾವಾಗ ಅವಶ್ಯಕ?
ಕೆಲವು ನಾಯಿಗಳಲ್ಲಿ ಗೋಧಿ ಮುಂತಾದ ಧಾನ್ಯಗಳಿಂದ ಅಲರ್ಜಿ ಉಂಟಾಗಬಹುದು. ಸತತ ತುರಿಕೆ, ಪಾದಗಳನ್ನು ನೆಕ್ಕುವುದು, ಪದೇ ಪದೇ ಕಿವಿಯ ಸೋಂಕು ಹಾಗೂ ಭೇದಿ ಇದರ ಲಕ್ಷಣಗಳು. ಆದರೆ ಚಿಗಟ, ಉಣ್ಣೆ ಹಾಗೂ ಧೂಳಿನಿಂದಲೂ ತುರಿಕೆ ಬರುತ್ತದೆ. ಆಹಾರದಿಂದ ಚರ್ಮದ ಅಲರ್ಜಿಗೊಳಗಾದ 297 ನಾಯಿಗಳ ಮಾಹಿತಿಯನ್ನು ಕ್ರೋಡೀಕರಿಸಿ 2016ರಲ್ಲಿ ಪ್ರಕಟಿಸಲಾದ ಪರಾಮರ್ಶೆಯಲ್ಲಿ ದನದ ಮಾಂಸ (ಶೇ. 34), ಹಾಲಿನ ಉತ್ಪನ್ನ (ಶೇ. 17) ಮತ್ತು ಕೋಳಿಮಾಂಸ (ಶೇ. 15) ಮುಂಚೂಣಿಯಲ್ಲಿದ್ದು, ಗೋಧಿಯು (ಶೇ. 13) ಅವುಗಳ ನಂತರದ ಸ್ಥಾನದಲ್ಲಿತ್ತು. ಆದ್ದರಿಂದ ತುರಿಕೆ ಕಂಡ ಕೂಡಲೇ ಧಾನ್ಯವೇ ಕಾರಣವೆಂದು ಭಾವಿಸುವುದು ಸರಿಯಲ್ಲ.

ಅಲರ್ಜಿಯ ಕಾರಣವನ್ನು ಪತ್ತೆ ಹಚ್ಚಲು ಪಶುವೈದ್ಯರು ಸಾಮಾನ್ಯವಾಗಿ ಸುಮಾರು 8 ವಾರಗಳ ಕಾಲ ನಿಗದಿತ ಆಹಾರವನ್ನು ಮಾತ್ರ ನೀಡಲು ಸೂಚಿಸುತ್ತಾರೆ. ಈ ಅವಧಿಯಲ್ಲಿ ಮನೆಯವರಲ್ಲಿ ಯಾರೇ ಆಗಲಿ ಪ್ರೀತಿಯಿಂದ ಒಂದು ಬಿಸ್ಕತ್ತು ನೀಡಿದರೂ ಪರೀಕ್ಷೆಯು ನಿಷ್ಫಲವಾಗಬಹುದು. ಈ ವಿಷಯವನ್ನು ಮಕ್ಕಳಿಗೂ, ಮನೆಗೆಲಸದವರಿಗೂ ತಿಳಿಸತಕ್ಕದ್ದು.

3. ಹೃದ್ರೋಗದ ಕುರಿತು ಎಚ್ಚರಿಕೆ:
ಬಟಾಣಿ, ಬೇಳೆಕಾಳು ಅಥವಾ ಆಲೂಗಡ್ಡೆ ಪ್ರಧಾನವಾಗಿರುವ, ಬಹುತೇಕ ಧಾನ್ಯರಹಿತವೆಂದು ಗುರುತಿಸಲಾದ ಆಹಾರ ಸೇವಿಸುತ್ತಿದ್ದ ನಾಯಿಗಳಲ್ಲಿ ಹೃದಯದ ಸ್ನಾಯು ದುರ್ಬಲಗೊಂಡು ಹೃದಯವು ಹಿಗ್ಗುವ ಕಾಯಿಲೆ ವರದಿಯಾದ್ದರಿಂದ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆಯು 2018ರ ಜುಲೈನಲ್ಲಿ ಈ ಬಗ್ಗೆ ಪರಿಶೀಲನೆ ನಡೆಸುತ್ತಿರುವುದಾಗಿ ಪ್ರಕಟಿಸಿತು. ಬಂದಿರುವ ವರದಿಗಳಿಂದಷ್ಟೇ ಆಹಾರವೇ ಕಾರಣವೆಂದು ನಿರ್ಣಯಿಸಲಾಗದೆಂದು 2022ರ ಡಿಸೆಂಬರ್‌ನಲ್ಲಿ ತಿಳಿಸಿತು. ಈ ವರದಿಗಳು ನಾಯಿಯ ದಿನನಿತ್ಯದ ಮುಖ್ಯ ಆಹಾರಕ್ಕೆ ಸಂಬಂಧಿಸಿದವು. ಮಿತವಾಗಿ ನೀಡುವ ತಿನಿಸಿನ ಬಗ್ಗೆ ಭಯಪಡಬೇಕಾಗಿಲ್ಲ. ಆದರೂ ವೈದ್ಯರ ಸಲಹೆಯಿಲ್ಲದೆ ಮುಖ್ಯ ಆಹಾರವನ್ನೇ ಧಾನ್ಯರಹಿತವಾಗಿ ಬದಲಾಯಿಸಬಾರದು.

4. ಲೇಬಲ್ ಓದುವ ಕ್ರಮ:
ಅ) ಪೊಟ್ಟಣದ ಮೇಲೆ ಘಟಕಾಂಶಗಳನ್ನು ಸಾಮಾನ್ಯವಾಗಿ ತೂಕದ ಇಳಿಕೆ ಕ್ರಮದಲ್ಲಿ ಮುದ್ರಿಸಲಾಗುತ್ತದೆ. ಮೊದಲ ಸ್ಥಾನದಲ್ಲಿ ಮಾಂಸ, ಮೀನು ಅಥವಾ ಮೊಟ್ಟೆ ಇರುವುದು ಒಳ್ಳೆಯದು.
ಆ) ಬಟಾಣಿ ಹಿಟ್ಟು, ಬಟಾಣಿ ಪಿಷ್ಟ, ಬಟಾಣಿ ಪ್ರೋಟೀನ್ ಎಂದು ಪ್ರತ್ಯೇಕವಾಗಿ ನಮೂದಿಸಿದ್ದಲ್ಲಿ ಅವುಗಳನ್ನು ಒಟ್ಟುಗೂಡಿಸಿ ನೋಡಬೇಕು. ಧಾನ್ಯವಿಲ್ಲವೆಂದ ಮಾತ್ರಕ್ಕೆ ಪಿಷ್ಟವಿಲ್ಲವೆಂದು ಅರ್ಥವಲ್ಲ.
ಇ) ಸಕ್ಕರೆ, ಅಧಿಕ ಉಪ್ಪು ಹಾಗೂ ಕೃತಕ ಬಣ್ಣ ಇರುವ ತಿನಿಸುಗಳನ್ನು ಕೈಬಿಡುವುದು ಉತ್ತಮ.
ಈ) ತಯಾರಿಕೆಯ ದಿನಾಂಕ ಹಾಗೂ ಬಳಕೆಯ ಅವಧಿಯನ್ನು ಪರಿಶೀಲಿಸಬೇಕು. ಮಳೆಗಾಲದಲ್ಲಿ ತೆರೆದ ಪೊಟ್ಟಣಕ್ಕೆ ಬೂಷ್ಟು ಹಿಡಿದಲ್ಲಿ ಸಂಪೂರ್ಣವಾಗಿ ಬಿಸಾಡಬೇಕು.

5. ಮನೆಯಲ್ಲಿಯೇ ದೊರೆಯುವ ಧಾನ್ಯರಹಿತ ತಿನಿಸುಗಳು:
ಉಪ್ಪು, ಖಾರ, ಒಗ್ಗರಣೆ ಇಲ್ಲದೆ ಬೇಯಿಸಿದ ಮೂಳೆರಹಿತ ಕೋಳಿಮಾಂಸ, ಮೊಟ್ಟೆ, ಕ್ಯಾರೆಟ್, ಹುರುಳಿಕಾಯಿ, ಸಿಹಿಕುಂಬಳ, ಸಿಹಿಗೆಣಸು ಹಾಗೂ ಬೀಜ ತೆಗೆದ ಸೇಬಿನ ಹೋಳುಗಳನ್ನು ನೀಡಬಹುದು. ಇವುಗಳಲ್ಲಿ ಯಾವುದಕ್ಕಾದರೂ ನಾಯಿಗೆ ಅಲರ್ಜಿ ಇದ್ದಲ್ಲಿ ಅದನ್ನು ಬಿಡಬೇಕು. ತರಬೇತಿಯ ಸಮಯದಲ್ಲಿ ಹುಣಸೆ ಬೀಜದಷ್ಟು ಚಿಕ್ಕ ತುಂಡು ಸಾಕಾಗುತ್ತದೆ.

6. ಪ್ರಮಾಣ:
ತಿನಿಸಿನಿಂದ ದೊರೆಯುವ ಶಕ್ತಿಯು ದಿನದ ಒಟ್ಟು ಶಕ್ತಿಯ ಶೇ. 10ನ್ನು ಮೀರಬಾರದು. ಉದಾಹರಣೆಗೆ, 10 ಕೆ.ಜಿ. ತೂಕದ ಸಂತಾನಹರಣ ಚಿಕಿತ್ಸೆಯಾದ ವಯಸ್ಕ ನಾಯಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲೊರಿ ಬೇಕಾಗುತ್ತದೆ. ಇದರಲ್ಲಿ ತಿನಿಸಿನ ಪಾಲು ಸುಮಾರು 60. ಒಂದು ಬೇಯಿಸಿದ ಮೊಟ್ಟೆಯಲ್ಲಿಯೇ ಸುಮಾರು 70 ಕಿಲೋಕ್ಯಾಲೊರಿ ಇರುವುದರಿಂದ, ಇಂತಹ ನಾಯಿಗೆ ತಿನಿಸಾಗಿ ಒಂದು ಇಡೀ ಮೊಟ್ಟೆಯೂ ಹೆಚ್ಚೇ ಆಗುತ್ತದೆ. ತಿನಿಸು ನೀಡಿದಷ್ಟು ಊಟದಲ್ಲಿ ಕಡಿಮೆ ಮಾಡಬೇಕು.

7. ನೀಡಬಾರದ ಪದಾರ್ಥಗಳು:
ಈ ಕೆಳಕಂಡ ಪದಾರ್ಥಗಳು ಧಾನ್ಯರಹಿತವಾದರೂ ನಾಯಿಗೆ ಅಪಾಯಕಾರಿ.
* ದ್ರಾಕ್ಷಿ, ಒಣದ್ರಾಕ್ಷಿ: ಮೂತ್ರಪಿಂಡಗಳು ವಿಫಲವಾಗಬಹುದು.
* ಈರುಳ್ಳಿ, ಬೆಳ್ಳುಳ್ಳಿ: ಕೆಂಪು ರಕ್ತಕಣಗಳು ನಾಶವಾಗುತ್ತವೆ.
* ಚಾಕೊಲೇಟ್: ಹೃದಯ ಹಾಗೂ ನರಮಂಡಲಕ್ಕೆ ಅಪಾಯ.
* ಸಕ್ಕರೆರಹಿತ ಚ್ಯೂಯಿಂಗ್ ಗಮ್ ಮುಂತಾದವುಗಳಲ್ಲಿರುವ ಝೈಲಿಟಾಲ್: ರಕ್ತದ ಸಕ್ಕರೆ ಅಂಶ ಹಠಾತ್ತನೆ ಕುಸಿಯುತ್ತದೆ.
* ಬೇಯಿಸಿದ ಮೂಳೆ: ಸೀಳಿ ಕರುಳಿಗೆ ಚುಚ್ಚಬಹುದು.

ಇವುಗಳನ್ನು ನಾಯಿಯು ತಿಂದಿರುವುದು ತಿಳಿದುಬಂದಲ್ಲಿ ಲಕ್ಷಣಗಳಿಗಾಗಿ ಕಾಯದೆ ಕೂಡಲೇ ಸಮೀಪದ ಪಶು ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ತಿಂದ ಪದಾರ್ಥದ ಪೊಟ್ಟಣವನ್ನೂ ಜೊತೆಯಲ್ಲಿ ಒಯ್ಯುವುದರಿಂದ ಚಿಕಿತ್ಸೆಗೆ ಅನುಕೂಲವಾಗುತ್ತದೆ.

ಸಾರ್ವಜನಿಕರು ಪೊಟ್ಟಣದ ಮುಂಭಾಗದ ಹೆಸರನ್ನು ನೋಡಿ ಮಾರುಹೋಗದೆ, ಹಿಂಭಾಗದ ವಿವರವನ್ನು ಓದಿ, ತಮ್ಮ ನಾಯಿಯ ಅವಶ್ಯಕತೆಗೆ ಅನುಗುಣವಾಗಿ ತಿನಿಸನ್ನು ಆಯ್ಕೆ ಮಾಡಿಕೊಳ್ಳಲು ಕೋರಲಾಗಿದೆ.